ಮುದ್ರಾರಾಕ್ಷಸನ ತಲೆಗೆ ಕಟ್ಟದ ತಪ್ಪು

ನನ್ನ ದೊಡ್ಡಮ್ಮ ಪತ್ರಿಕೆಯವಳು. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಗುರುವಾರ ನರ್ಸುಗಳ ಕೆಲಸದ ಬಗ್ಗೆ ‘ಪಕ್ಕದ ಹಾಸಿಗೆ’ ಎಂಬ ಅಂಕಣ ಬರೆಯುತ್ತಾಳೆ. ಪಾಳಿ ಬದಲಾಗುವಾಗ ಒಬ್ಬಳು ಇನ್ನೊಬ್ಬಳಿಗೆ ಏನೇನು ಹೇಳಿ ಹೋಗುತ್ತಾಳೆ, ಹೇಳಲು ಮರೆತರೆ ಏನಾಗುತ್ತದೆ, ನಿದ್ದೆಗಣ್ಣಲ್ಲಿ ಎದ್ದು ಬೀಳುವ ಅಜ್ಜನ ಮಂಚವನ್ನು ಎಷ್ಟು ತಗ್ಗಿಸಬೇಕು, ಇಂಥವೇ. ಇದನ್ನೆಲ್ಲ ಯಾರು ಓದುತ್ತಾರೆ ಎಂದು ನಾನೇ ಮೂಗು ಮುರಿದಿದ್ದೆ. ಮಗು ಹುಟ್ಟಿದ ಮೇಲೆ ಒಂದಕ್ಷರ ಬಿಡದೆ ಓದುತ್ತೇನೆ. ಕೆಲವನ್ನು ಎರಡು ಸಲ.

ಶುರುವಿನಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು ಹೂವಿನ ಪ್ರದರ್ಶನ, ನಿಧನ ವಾರ್ತೆ, ಕಾಣೆಯಾದ ನಾಯಿ. ಒಂದು ದಿನ ಸಂಪಾದಕರು, “ಆಸ್ಪತ್ರೇಲಿ ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಹೋಗಿದೆಯಂತೆ. ಯಾರು ಕೊಟ್ಟಿದ್ದು, ಹೆಸರು ತಗೊಂಡು ಬಾ” ಎಂದು ಅಟ್ಟಿದರು. ಅಲ್ಲಿನ ಹಿರಿಯ ಸಿಸ್ಟರ್ ಹೆಸರು ಹೇಳಲಿಲ್ಲ. ಇವಳನ್ನು ಒಂದು ಮಂಚದ ಮುಂದೆ ನಿಲ್ಲಿಸಿ, “ಇದು ಎಷ್ಟನೇ ನಂಬರು, ಹೇಳಿ ನೋಡೋಣ” ಎಂದರು. ನಂಬರು ಇದ್ದದ್ದು ಗೋಡೆಯ ಮೇಲೆ. ನೆಲ ಒರೆಸುವಾಗ ಮಂಚಗಳನ್ನು ಸರಿಸಿದ್ದರು. ಈ ಮಂಚ ಏಳು ಮತ್ತು ಎಂಟರ ನಡುವೆ ನಿಂತಿತ್ತು. ಇಂಜೆಕ್ಷನ್ ಪಡೆದವರಿಗೆ ದೇವರ ದಯೆಯಿಂದ ಏನೂ ಆಗಿರಲಿಲ್ಲ.

ದೊಡ್ಡಮ್ಮ ಅದನ್ನೇ ಬರೆದು ತಂದಳು.

“ಹೆಸರೆಲ್ಲಮ್ಮಾ?”

“ಗೋಡೆಗೆ ಹೆಸರಿರಲ್ಲ ಸಾರ್.”

ಬೈಗುಳ ಬಿತ್ತು, ಲೇಖನವೂ ಅಚ್ಚಾಯಿತು. ಮುಂದಿನ ವಾರ ನಂಬರುಗಳು ಗೋಡೆ ಬಿಟ್ಟು ಮಂಚಕ್ಕೇ ಬಂದವು. ಅಂದಿನಿಂದ ಅವಳು “ಯಾರು ಮಾಡಿದ್ದು?” ಎಂದು ಕೇಳುವುದನ್ನೇ ಬಿಟ್ಟಳು. “ಹೇಗಾಯ್ತು?” ಎಂದು ಕೇಳುತ್ತಾಳೆ. ಹಾಗೆ ಕೇಳುವವರ ಹತ್ತಿರ ನರ್ಸುಗಳು ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ನನ್ನ ಮಗು ದಿನ ತುಂಬುವ ಮೊದಲೇ ಹುಟ್ಟಿ ಆರು ದಿನ ಎಳೆಗೂಸುಗಳ ವಾರ್ಡಿನಲ್ಲಿತ್ತು. ಅಲ್ಲಿ ಒಬ್ಬ ಕಿರಿಯ ನರ್ಸ್. ಯಾರು ಏನು ಹೇಳಿದರೂ ಒಮ್ಮೆ ತಿರುಗಿ ಹೇಳುತ್ತಾಳೆಂದು ವಾರ್ಡಿನವರು ಅವಳನ್ನು ಗಿಣಿ ಎಂದು ಕರೆಯುತ್ತಿದ್ದರು. ಒಂದು ಸಲ ಡಾಕ್ಟರು ಫೋನಿನಲ್ಲಿ, ಒಂದು ಕೂಸಿಗೆ ಕೊಳವೆಯಲ್ಲಿ ಹಾಕುವ ಹಾಲು ‘ಫಿಫ್ಟೀನ್’ ಎಂದಿದ್ದರು. ಗಿಣಿಗೆ ಕೇಳಿಸಿದ್ದು ‘ಫಿಫ್ಟಿ’. “ಐದು, ಸೊನ್ನೆ, ಅಲ್ವಾ ಡಾಕ್ಟರ್?” ಎಂದು ತಿರುಗಿ ಕೇಳಿದ್ದಳು. “ಅಯ್ಯೋ ಅಲ್ಲಮ್ಮ, ಒಂದು, ಐದು!” ಹದಿನೈದೇ ಮಿಲಿ ಹೋಯಿತು, ಕೂಸು ಸುಖವಾಗಿ ನಿದ್ದೆ ಮಾಡಿತು. ದೊಡ್ಡಮ್ಮ ಹಿಗ್ಗಿ ಅದನ್ನೇ ಅಂಕಣ ಮಾಡಿದಳು.

ಗುರುವಾರ ಬೆಳಿಗ್ಗೆ ಪತ್ರಿಕೆ ಬಿಡಿಸಿದವಳು ಸೀದಾ ಅವಳಿಗೆ ಫೋನ್ ಮಾಡಿದೆ. ಡಾಕ್ಟರು ಹೇಳಿದ್ದು ಐವತ್ತು, ನರ್ಸಿಗೆ ಕೇಳಿಸಿದ್ದು ಐವತ್ತು, ಕೂಸಿಗೆ ಕೊಟ್ಟಿದ್ದು ಐವತ್ತು!

“ದೊಡ್ಡಮ್ಮಾ, ನಮ್ಮ ಪುಟ್ಟಂಗೂ ಐವತ್ತು ಕೊಟ್ಟಿರ್ತಾರಾ?”

“ಎಲ್ಲೇ ಐವತ್ತು?” ಎಂದವಳು ಪತ್ರಿಕೆ ತೆಗೆದಳು. “ಅಯ್ಯೋ, ನಾನು ಹೇಳಿದ್ದು ಹದಿನೈದು ಕಣೇ!” ಎಂದು ಫೋನಿಟ್ಟಳು.

ನಾನೊಬ್ಬಳೇ ಹೆದರುಪುಕ್ಕಲಿಯಲ್ಲ. ಮಧ್ಯಾಹ್ನದೊಳಗೆ ವಾರ್ಡಿನ ತಾಯಂದಿರೆಲ್ಲ ಗಿಣಿಯ ಕೈಯನ್ನೇ ಅನುಮಾನದಿಂದ ನೋಡತೊಡಗಿದ್ದರಂತೆ. ಅವಳು ಅಳುತ್ತಲೇ ದೊಡ್ಡಮ್ಮನಿಗೆ ಫೋನ್ ಮಾಡಿದಳು: “ಕಾಪಾಡಿದೋಳು ನಾನು, ಕೊಂದೋಳ ಥರ ನೋಡ್ತಿದಾರೆ. ಇನ್ಮೇಲೆ ನಮ್ಮ ವಾರ್ಡಿನ ಸುದ್ದಿಗೆ ಬರ್ಬೇಡಿ ಮೇಡಂ.” ಗಿಣಿ ಬಾಯಿ ಮುಚ್ಚಿದರೆ ಮಿಕ್ಕವರೂ ಮುಚ್ಚುತ್ತಾರೆ. ಆಮೇಲೆ ದೊಡ್ಡಮ್ಮ ಬರೆಯುವುದಾದರೂ ಏನನ್ನು?

ಸಂಪಾದಕರಿಗೆ ಅದು ದೊಡ್ಡ ವಿಷಯವೇ ಅಲ್ಲ. “ಮೂಲೇಲಿ ಎರಡು ಸಾಲು ಹಾಕೋಣ. ಮುದ್ರಾರಾಕ್ಷಸನ ಹಾವಳಿಯಿಂದ ಐವತ್ತು ಎಂದಾಗಿದೆ, ಓದುಗರು ತಿದ್ದಿಕೊಳ್ಳಬೇಕು.”

“ಆ ರಾಕ್ಷಸ ಯಾವ ಕುರ್ಚೀಲಿ ಕೂರ್ತಾನೆ ಸಾರ್? ನಾನೊಂದ್ಸಲ ಮಾತಾಡಿಸ್ಬೇಕು.”

ಅವಳೇ ಹೊರಟು ಒಂದೊಂದು ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು, “ಹೇಗಾಯ್ತು?” ಎಂದು ಕೇಳಿದಳು. ಮೊದಲ ಎಳೆ ಅವಳ ಕಡೆಯಿಂದಲೇ. ಆ ದಿನ ಬಸ್ಸಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಲೇಖನ ಹೇಳಿ ಬರೆಸಿದ್ದಳು. ಕೊನೆಗೆ “ಗೊತ್ತಾಯ್ತಾ?” ಎಂದಿದ್ದಳೇ ಹೊರತು, ತಿರುಗಿ ಓದು ಎಂದಿರಲಿಲ್ಲ. ಟೈಪ್ ಮಾಡುವವಳಿಗೆ ಮೂರನೆಯ ಸಂಖ್ಯೆ, ಕೂಸಿಗೆ ಕೊಟ್ಟ ‘ಫಿಫ್ಟೀನ್’, ಬಸ್ಸಿನ ಗದ್ದಲದಲ್ಲಿ ‘ಫಿಫ್ಟಿ’ ಎಂದು ಕೇಳಿಸಿತ್ತು. ಕರಡು ತಿದ್ದುವ ಹಿರಿಯರು ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: “ಒಂದು ಕಡೆ ಹದಿನೈದು, ಎರಡು ಕಡೆ ಐವತ್ತು ಇತ್ತಮ್ಮ. ನಾನು ಬಹುಮತಕ್ಕೆ ಬಿಟ್ಟೆ.”

ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. ಮಾರನೆಯ ಬೆಳಿಗ್ಗೆಯೇ, ಗುರುವಾರಕ್ಕೆ ಕಾಯದೆ, ಮೊದಲ ಪುಟದಲ್ಲಿ ಅಂಕಣ ಬಂತು. ಬಸ್ಸು, ಫೋನು, ಬಹುಮತ ಎಲ್ಲವೂ ಅದರಲ್ಲಿ. ಗಿಣಿ ಮಾಡಿದ್ದನ್ನು ಈ ಕಚೇರಿಯಲ್ಲಿ ನಾವು ಒಬ್ಬರೂ ಮಾಡಲಿಲ್ಲ, ನನ್ನಿಂದ ಮೊದಲ್ಗೊಂಡು ಎಂದು ಬರೆದಿದ್ದಳು. ನಾನಾಗಿದ್ದರೆ ಒಂದು ವಾರ ರಜೆ ಹಾಕಿ ಮುಸುಕೆಳೆದು ಮಲಗುತ್ತಿದ್ದೆ. ಇವಳು ಸೀದಾ ವಾರ್ಡಿಗೆ ಹೋದಳು. ಮಗುವನ್ನು ತೂಕಕ್ಕೆ ಒಯ್ದಿದ್ದ ನಾನೂ ಅಲ್ಲೇ ಇದ್ದೆ.

ಬಾಗಿಲಲ್ಲಿ ಗಿಣಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮುಖ ಗಂಟಾಗಿತ್ತು. ಆ ಗಂಟು ಎರಡು ಕ್ಷಣವೂ ನಿಲ್ಲಲಿಲ್ಲ.

“ಆ ಬಹುಮತದ ತಾತನ್ನ ಯಾಕೆ ಕರ್ಕೊಂಡು ಬರ್ಲಿಲ್ಲ ಮೇಡಂ? ಬೆಳಗ್ಗಿಂದ ವಾರ್ಡೆಲ್ಲ ಅವರ ಮಾತೇ. ನೋಡ್ಲೇಬೇಕು ನಾವು!”

ಮುಂದಿನ ವಾರ ತಾತ ಬಂದರು. ಕೈ ತೊಳೆಸಿ, ಗೌನು ತೊಡಿಸಿ ಒಳಗೆ ಬಿಟ್ಟರು. ಕೂಸುಗಳನ್ನು ನೋಡಿದ್ದು ಅರೆನಿಮಿಷ. ಕಣ್ಣು ಹೋಗಿ ನೆಟ್ಟಿದ್ದು ಔಷಧಿಯ ಕಪಾಟಿನ ಮೇಲೆ. “ಇದೇನಮ್ಮ, ಈ ಎರಡು ಬಾಟಲಿ ಹೆಸರಲ್ಲಿ ಒಂದೇ ಅಕ್ಷರ ವ್ಯತ್ಯಾಸ, ಒಂದೇ ಸಾಲಲ್ಲಿಟ್ಟಿದೀರಿ? ನಾನಾಗಿದ್ರೆ ಕಾಗುಣಿತದ ತಪ್ಪು ಅಂತ ಎರಡನ್ನೂ ಒಂದೇ ಮಾಡ್ಬಿಡ್ತಿದ್ದೆ!”

ವಾರ್ಡಿನ ಹಿರಿಯ ಸಿಸ್ಟರ್ ಕಪಾಟಿನ ಹತ್ತಿರ ಹೋಗಿ ನೋಡಿದರು. ನಗುತ್ತಿದ್ದ ಗಿಣಿ ನಗು ನಿಲ್ಲಿಸಿ ಒಂದು ಬಾಟಲಿಯನ್ನು ಎತ್ತಿ ಕೆಳಗಿನ ಸಾಲಿನ ಆ ತುದಿಗೆ ಇಟ್ಟಳು. ಆಮೇಲೆ ದೊಡ್ಡಮ್ಮನಿಗೊಂದು ಸ್ಟೂಲು ಎಳೆದು ಹಾಕಿದಳು.

“ಕೂತ್ಕೊಳ್ಳಿ. ಹೋದ ತಿಂಗಳು ಇವೆರಡರಲ್ಲೇ ನಂಗೊಂದ್ಸಲ ಕೈ ತಪ್ಪೋದ್ರಲ್ಲಿತ್ತು. ಯಾರಿಗೂ ಹೇಳಿಲ್ಲ. ಬರ್ಕೊಳ್ಳಿ.”