ನಾಲ್ಕು ಮೂಲೆಯ ಅರಿಶಿಣ

ಗೋಪನಕೊಪ್ಪದಲ್ಲಿ ಬೆಳಗಿನ ಭೋಂಗಾ ಎರಡು ಸಲ ಕೇಳುತ್ತದೆ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಿಂದ ಹೊರಟ ಆ ಕೂಗು ಜೋಳದ ಹೊಲಗಳನ್ನು ದಾಟಿ ಬರುವಷ್ಟರಲ್ಲಿ ತುಸು ಮೆತ್ತಗಾಗಿರುತ್ತದೆ. ಮೊದಲನೆಯದಕ್ಕೆ ಗಂಡಸರು ಬುತ್ತಿ ಹಿಡಿದು ಹೊರಡುತ್ತಾರೆ. ಎರಡನೆಯದಕ್ಕೆ ಕಾರ್ಖಾನೆಯ ಬಾಗಿಲು ಮುಚ್ಚುತ್ತದೆ. ಚನ್ನಬಸವ್ವನಿಗೆ ಇವೆರಡರ ನಡುವಿನ ಹೊತ್ತೆಂದರೆ ಹನ್ನೊಂದು ರೊಟ್ಟಿ. ಹನ್ನೆರಡನೆಯದು ಹಂಚಿನ ಮೇಲೆ ಬಿದ್ದರೂ ಭೋಂಗಾ ಕೂಗದಿದ್ದರೆ, "ಇವತ್ತ ಅವರ ಗಡಿಯಾರ ನಿದ್ದಿ ಮಾಡೇತಿ" ಎನ್ನುತ್ತಿದ್ದಳು. ತನ್ನ ಕೈಯ ಲೆಕ್ಕದ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಗಂಡ ನೀಲಕಂಠಪ್ಪ ಆ ಕಾರ್ಖಾನೆಯಲ್ಲಿ ಫಿಟರ್. ಅವನು ಹೋದ ಮೇಲೆ ಅವಳು ಕಮರಿಪೇಟೆಗೆ ನಡೆದುಹೋಗಿ ಹತ್ತಿ ವ್ಯಾಪಾರಿಗಳ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಮನೆಯ ಹಿರಿಯಳು ಮುತ್ತವ್ವ. ಆಕೆಯ ಹಿರಿಯ ಮಗ ಆಫ್ರಿಕಾದ ಮೊಂಬಾಸದಲ್ಲಿ ಅಂಗಡಿ ಇಟ್ಟು ಒಂಬತ್ತು ವರ್ಷವಾಗಿತ್ತು. ೧೯೩೪ರಲ್ಲಿ ಮುತ್ತವ್ವ ಮಗನನ್ನು ನೋಡಿಬರಲು ಹಟ ಹಿಡಿದಳು. ಹಡಗಿನ ಚೀಟಿಯೂ ಬಂತು. ಆಮೇಲೆ ಆಕೆಗೆ ಊಟದ ಚಿಂತೆ ಹತ್ತಿತು.

"ಹಡಗದಾಗ ನನಗ ರೊಟ್ಟಿ ಯಾರು ಬಡಿದು ಕೊಡತಾರ? ಚನ್ನಬಸವ್ವಾ, ನೀ ಬಂದ್ರ ನಾ ಹೋಗತೇನಿ. ಇಲ್ಲಾಂದ್ರ ಚೀಟಿ ಹರಿದು ಒಲಿಗೆ ಹಾಕತೇನಿ."

ಹೋಗಿಬರಲು ಎರಡೂವರೆ ತಿಂಗಳು. ಚನ್ನಬಸವ್ವನಿಗೆ ಸಮುದ್ರದ ಭಯವಿರಲಿಲ್ಲ, ಮಗಳ ಚಿಂತೆ ಇತ್ತು. ಒಬ್ಬಳೇ ಮಗಳು ದೇವಕ್ಕ, ನಾಲ್ಕು ತಿಂಗಳ ಬಸುರಿ. ಹಿಂದಿನ ವರ್ಷ ಯಾರೋ ಅಂಗಳದಲ್ಲಿ ನಿಂತು ಅವಳ ಮಾವ ತೀರಿಕೊಂಡ ಸುದ್ದಿಯನ್ನು ಕೂಗಿ ಹೇಳಿದ್ದರು. ಅವಳು ಅಲ್ಲೇ ಕುಸಿದಿದ್ದಳು, ಹೊಟ್ಟೆಯಲ್ಲಿದ್ದದ್ದು ಉಳಿದಿರಲಿಲ್ಲ. ಈ ಸಲ ಅದಕ್ಕೇ ಬೇಗನೆ ತವರಿಗೆ ಬಂದಿದ್ದಳು.

"ಹೋಗಿ ಬಾ ಯವ್ವಾ," ಎಂದವಳು ದೇವಕ್ಕನೇ. "ಸಮುದ್ರ ಹ್ಯಾಂಗಿರತೈತಿ ಅಂತ ಬಂದು ನನ್ನ ಕೂಸಿಗೆ ಹೇಳು. ಆದ್ರ ನೀ ಆರಾಮ ಅದಿ ಅನ್ನೂದು ಮಾತ್ರ ನನಗ ತಿಳೀತಿರಬೇಕು."

ತಿಳಿಸುವುದು ಹೇಗೆ? ತಾಯಿಗೂ ಮಗಳಿಗೂ ಓದು ಬರುತ್ತಿರಲಿಲ್ಲ. ಊರಿನವರ ಕಾಗದಗಳನ್ನು ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಿದ್ದವನು ಟಪಾಲಿನ ಅಬ್ದುಲಗನಿ. ಚನ್ನಬಸವ್ವ ಎರಡು ಕಾರ್ಡು ಕೊಂಡು ತಂದು ಅವನ ಮುಂದಿಟ್ಟಳು.

"ಮನಿ ವಿಳಾಸ ಬರದು ಕೊಡ್ರಿ, ಗನಿಸಾಹೇಬ್ರ. ಒಂದು ಮುಂಬಯಿದಾಗ ಹಾಕತೇನಿ, ಒಂದು ಪೋರಬಂದರದಾಗ. ಅದರಾಚಿ ಪರದೇಶದ ಸ್ಟಾಂಪಂತ, ತುಟ್ಟಿ."

"ವಿಳಾಸ ನಾ ಬರೀತೇನ್ರೀ ಅಕ್ಕಾರ. ಒಳಗಿನ ಮಜಕೂರ?"

"ನಾಕೂ ಮೂಲಿಗೆ ಅರಿಶಿಣ ಹಚ್ಚತೇನಿ. ಇನ್ನೇನು ಬೇಕು?"

ಅಬ್ದುಲಗನಿ ನಕ್ಕ. ಅವನ ಚೀಲದಲ್ಲಿ ದಿನವೂ ಅಂಥ ಕಾರ್ಡುಗಳಿರುತ್ತಿದ್ದವು. ಮದುವೆ, ತೊಟ್ಟಿಲು, ಗೃಹಪ್ರವೇಶದ ಕಾಗದಗಳಿಗೆ ಮೂಲೆಗಳಲ್ಲಿ ಅರಿಶಿಣ. ಸಾವಿನ ಸುದ್ದಿಯ ಕಾರ್ಡಿಗೆ ಒಂದು ಮೂಲೆ ಹರಿದಿರುತ್ತಿತ್ತು. ಮೂಲೆ ಹರಿದ ಕಾರ್ಡನ್ನು ಯಾರೂ ಹೊಸ್ತಿಲೊಳಗೆ ತರುವುದಿಲ್ಲ. ಅಂಗಳದಲ್ಲೇ ಓದಿಸಿ, ಚೂರು ಮಾಡಿ, ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಾರೆ. ಓದು ಬಾರದವರೂ ಇವೆರಡನ್ನು ಓದಬಲ್ಲರು.

ಮುಂಬಯಿಯಲ್ಲಿ ಹಡಗು ಕೂಗಿದಾಗ ಚನ್ನಬಸವ್ವನ ಕೈ ತಾನಾಗಿ ಹಿಟ್ಟು ಹುಡುಕಿತು. ಅದೇ ಭೋಂಗಾ, ಇನ್ನಷ್ಟು ದಪ್ಪ ಗಂಟಲಿನದು. ಮೊದಲ ಕಾರ್ಡು ಬಂದರಿನಲ್ಲೇ ಹೋಯಿತು. ಮುತ್ತವ್ವ ಮೊದಲ ಅಲೆಗೇ ಮಲಗಿದಳು. ಕೆಳದರ್ಜೆಯ ಜನ ತಮ್ಮ ಅಡುಗೆ ತಾವೇ ಮಾಡಿಕೊಳ್ಳುವ ಒಲೆಗಳು ಡೆಕ್ಕಿನ ಒಂದು ಮೂಲೆಯಲ್ಲಿದ್ದವು. ಚನ್ನಬಸವ್ವ ಅಲ್ಲಿ ರೊಟ್ಟಿ ಬಡಿಯತೊಡಗಿದರೆ ನೋಡಲು ಜನ ನಿಲ್ಲುತ್ತಿದ್ದರು. ಹಡಗಿನ ಅಡುಗೆಯವನೊಬ್ಬ ಸವಣೂರಿನವನು, ಹೆಸರು ಹಜರತಅಲಿ. ಆ ಸಪ್ಪಳ ಕೇಳಿ ಒಳಗಿನಿಂದ ಓಡಿಬಂದವನು, "ಏಳು ವರ್ಷ ಆತ್ರಿ ಈ ಬಡಿತ ಕೇಳಿ" ಎಂದು ಒಲೆಯ ಪಕ್ಕ ಕೂತುಬಿಟ್ಟ. ಅಂದಿನಿಂದ ಅವನಿಗೂ ಒಂದು ರೊಟ್ಟಿ ಮೀಸಲು.

ಪೋರಬಂದರದಲ್ಲಿ ಹಡಗು ದಡದಿಂದ ದೂರ ನಿಂತಿತು. ಟಪಾಲಿನ ಚೀಲ ಒಯ್ಯುವ ದೋಣಿ ಹೊರಡುವ ಹೊತ್ತಿಗೆ ಮುತ್ತವ್ವನಿಗೆ ವಾಂತಿ. ಚನ್ನಬಸವ್ವ ಎರಡನೆಯ ಕಾರ್ಡಿಗೆ ಅವಸರದಲ್ಲಿ ಹಸಿ ಅರಿಶಿಣ ಹಚ್ಚಿ, ಹಾರದಿರಲೆಂದು ಅರಿಶಿಣದ ಡಬ್ಬಿಯ ಮುಚ್ಚಳದ ಕೆಳಗೆ ಒತ್ತಿಟ್ಟಿದ್ದಳು. ಒಂದು ಕೈಯಲ್ಲಿ ಮುತ್ತವ್ವನ ಹಣೆ ಹಿಡಿದು, ಇನ್ನೊಂದರಿಂದ ಕಾರ್ಡು ಜಗ್ಗಿ ಹಜರತಅಲಿಗೆ ಕೊಟ್ಟಳು. ಅವನು ಅದನ್ನು ಬೇರೆ ಕಾಗದಗಳ ನಡುವೆ ಸೇರಿಸಿ ಓಡಿದ. ಇಬ್ಬರೂ ಅದರ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಡಬ್ಬಿ ತೆರೆದಾಗ ಮುಚ್ಚಳದ ಒಳಮೈಗೆ ಉಗುರಿನಷ್ಟು ಹಳದಿ ಕಾಗದ ಅಂಟಿತ್ತು. ಕಾರ್ಡಿನ ಒಂದು ಮೂಲೆ.

ಚನ್ನಬಸವ್ವ ಅದನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. ಅವಳ ಕಣ್ಣಿಗೆ ಗೋಪನಕೊಪ್ಪದ ಕಟ್ಟೆ ಕಂಡಿತು. ಕಟ್ಟೆಯ ಮೇಲೆ ದೇವಕ್ಕ. ಅಂಗಳದಲ್ಲಿ ಮೂಲೆ ಹರಿದ ಕಾರ್ಡು.

ಹಜರತಅಲಿ ರೊಟ್ಟಿಗೆಂದು ಬಂದಾಗ ಕೇಳಿದಳು, "ಅಣ್ಣಾ, ಈ ಹಡಗ ಹೊಳ್ಳಸಾಕ ಬರತೈತೇನು?"

"ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿಸಿದಂಗ ಏನ್ರೀ ಅಕ್ಕಾ?" ಎಂದು ನಕ್ಕವನು ಅವಳ ಅಂಗೈಯಲ್ಲಿದ್ದ ತುಂಡು ನೋಡಿ ನಗು ನಿಲ್ಲಿಸಿದ. ಸವಣೂರಿನವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಮಗಳ ವಿಷಯ ಹೇಳಿದಳು.

"ಮ್ಯಾಲೆ ತಂತಿ ಖೋಲಿ ಐತ್ರಿ," ಎಂದ ಅವನು. "ತಂತಿ ಇಲ್ಲದ ತಂತಿ, ಗಾಳ್ಯಾಗ ಹೋಗತೈತಿ. ಆದ್ರ ಒಂದೊಂದು ಮಾತಿಗೂ ರೊಕ್ಕ. ನೀವು ಈ ಪ್ರವಾಸದಾಗ ದುಡಿಯೂದೆಲ್ಲಾ ಅದಕ್ಕ ಸಾಲೂದಿಲ್ಲ."

"ಮತ್ತ?"

"ಇನ್ನೊಂದು ಐತಿ. ಸಮುದ್ರದ ಪತ್ರ ಅಂತಾರ. ಮುಂಬಯಿಗೆ ಹೊಂಟ ಹಡಗ ಎದುರು ಬಂದ್ರ, ನಮ್ಮ ತಂತಿಸಾಹೇಬ ಆ ಹಡಗದ ತಂತಿಸಾಹೇಬಗ ಗಾಳ್ಯಾಗ ಹೇಳತಾನ. ಅಂವ ಕಾಗದದ ಮ್ಯಾಲೆ ಬರಕೊಂಡು ಮುಂಬಯಿದಾಗ ಟಪಾಲಿಗೆ ಹಾಕತಾನ. ಸೋವಿ ಆಗತೈತಿ. ಇವತ್ತ ಸಂಜೀಕ ಒಂದು ಹಡಗ ಬರೂದೈತಿ."

"ಯಾವಾಗ ಮುಟ್ಟತೈತಿ?"

"ನಿಮ್ಮ ಕಾರ್ಡು ಮುಟ್ಟೂ ಹೊತ್ತಿಗೇ. ಸ್ವಲ್ಪ ಹಿಂದ, ಸ್ವಲ್ಪ ಮುಂದ."

ಅದೇ ತೊಡಕು. ಕಾರ್ಡು ಮೊದಲು ಮುಟ್ಟಿದರೆ ಪತ್ರದಿಂದ ಏನು ಬಂತು? ಚನ್ನಬಸವ್ವ ಹಿಟ್ಟು ನಾದುತ್ತ ಯೋಚಿಸಿದಳು. ಎರಡೂ ಹೋಗುವ ಮನೆ ಒಂದೇ. ಆದರೆ ಮನೆಗೆ ಮೊದಲು ಎರಡೂ ಮುಟ್ಟುವ ಕೈಯೂ ಒಂದೇ.

"ಮಗಳ ಹೆಸರಿಗೆ ಬ್ಯಾಡ," ಎಂದಳು. "ಅಬ್ದುಲಗನಿ, ಟಪಾಲಿನವರು, ಹುಬ್ಬಳ್ಳಿ. ಹಂಗ ಬರಸು."

ಹಜರತಅಲಿ ಅವಳನ್ನೇ ನೋಡಿದ. "ಟಪಾಲಿನವಗ ಟಪಾಲು ಹಾಕೂದು ನಾ ಎಲ್ಲೂ ಕೇಳಿಲ್ರಿ!"

"ಈಗ ಕೇಳಿದಿ. ನಡಿ."

ತಂತಿಸಾಹೇಬ ಎಳೆ ಮೀಸೆಯ ಇಂಗ್ಲಿಷಿನವನು. ಸೆರಗಿನ ಗಂಟು ಬಿಚ್ಚಿ ಅವಳು ಹಣ ಇಟ್ಟಳು. ಹಜರತಅಲಿ ಅವಳ ಮಾತನ್ನು ಹಿಂದುಸ್ತಾನಿಯಲ್ಲಿ ಹೇಳಿದ, ಸಾಹೇಬ ಇಂಗ್ಲಿಷಿನಲ್ಲಿ ಬರೆದುಕೊಂಡ.

"ಹರದದ್ದು ಕಾರ್ಡು, ನಾನಲ್ಲ. ಅದನ್ನ ಕೊಡೂಕ್ಕಿಂತ ಮೊದಲ ದೇವಕ್ಕಗ ಬಾಯಿಲೆ ಹೇಳ್ರಿ."

ಸಾಹೇಬ ಬರೆದದ್ದನ್ನು ಎರಡು ಸಲ ಓದಿ ಏನೋ ಕೇಳಿದ.

"ಅದೇ ರೊಕ್ಕದಾಗ ಇನ್ನೂ ಹತ್ತು ಮಾತು ಹಿಡಿಸತಾವಂತ್ರಿ ಅಕ್ಕಾ."

"ಹಂಗಾರ, ಹೊಟ್ಟಿ ತುಂಬ ಉಣ್ಣಾಕತ್ತೇನಿ ಅಂತ ಬರೀ ಅನ್ನು. ಮುತ್ತವ್ವನೋರು ಉಣ್ಣವಲ್ರು ಅಂತ ಬರೀಬ್ಯಾಡ."

ಸಂಜೆ ಅವಳು ಡೆಕ್ಕಿನ ಕಟಾಂಜನ ಹಿಡಿದು ನಿಂತಳು. ಎದುರು ಹಡಗು ಬರುತ್ತದೆ ಎಂದಿದ್ದರಲ್ಲ, ದೀಪವೋ ಹೊಗೆಯೋ ಕಂಡೀತೆಂದು ಕಾದಳು. ಏನೂ ಕಾಣಲಿಲ್ಲ. ನೀರು ಮೊದಲು ತಾಮ್ರದ ಬಣ್ಣವಾಯಿತು, ಆಮೇಲೆ ಬೂದಿಯ ಬಣ್ಣ. ಹಿಂದಿನಿಂದ ಹಜರತಅಲಿ ಬಂದು, "ಹೋತ್ರಿ" ಎಂದ. "ಯಾವುದು?" "ನಿಮ್ಮ ಪತ್ರ. ಆ ಹಡಗ ಭಾಳ ದೂರ ಐತಿ, ಕಾಣೂದಿಲ್ಲ. ಮುಟ್ಟೇತಿ ಅಂತ ಹೇಳಿ ಕಳಿಸ್ಯಾರ." ಚನ್ನಬಸವ್ವ ಕಾಣದ ಆ ಹಡಗಿಗೆ ಕೈ ಮುಗಿದಳು.

ವಿಷಯ ತಿಳಿದ ಮುತ್ತವ್ವ ಮಲಗಿದಲ್ಲೇ ಸಿಟ್ಟಾದಳು. "ನನ್ನ ಕೇಳಿದ್ರ ದೊಡ್ಡ ತಂತೀನ ಕೊಡಸತಿದ್ದಿಲ್ಲೇನ? ಹುಚ್ಚಿ!"

"ನೀವು ಎದ್ದು ಕೂಡ್ರೂತನಕ ಕಾಯಬೇಕಿತ್ತಲ್ರಿ ಯವ್ವಾ," ಎಂದಳು ಚನ್ನಬಸವ್ವ. ಮುತ್ತವ್ವನಿಗೆ ಆ ನಾಲ್ಕು ದಿನಗಳಲ್ಲಿ ಮೊದಲ ಸಲ ನಗು ಬಂತು. ಅರ್ಧ ರೊಟ್ಟಿಯನ್ನೂ ತಿಂದಳು.

ಮೊಂಬಾಸದಲ್ಲಿ ತೆಂಗಿನ ಮರಗಳಿದ್ದವು, ಬಿಳಿ ಮನೆಗಳಿದ್ದವು. ಚನ್ನಬಸವ್ವನಿಗೆ ಎಲ್ಲವೂ ಚೆಂದವೇ ಕಂಡಿತು, ಆದರೆ ರೊಟ್ಟಿಗಳು ಅಂಚಿನಲ್ಲಿ ಸೀಳತೊಡಗಿದವು. ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮುತ್ತವ್ವನ ಮಗ ಅಂಗಡಿಯಿಂದ ಕಾರ್ಡು ಹಿಡಿದು ಬಂದ. ಅವನು ಓದುವ ಮೊದಲೇ ಅವಳು ಅದನ್ನು ಕೈಯಿಂದ ತೆಗೆದುಕೊಂಡು ಮೂಲೆ ಎಣಿಸಿದಳು. ನಾಲ್ಕಿದ್ದವು. ನಾಲ್ಕಕ್ಕೂ ಅರಿಶಿಣ. ಒಂದರಲ್ಲಿ ದೇವಕ್ಕನ ಹೆಬ್ಬೆರಳಿನ ಗೆರೆಗಳು ಮೂಡಿದ್ದವು.

"ಈಗ ಓದ್ರಿ," ಎಂದಳು.

ಬರೆದವನು ಅಬ್ದುಲಗನಿ. ಕಾರ್ಡೂ ಸಮುದ್ರದ ಪತ್ರವೂ ಒಂದೇ ದಿನ ಬಂದವಂತೆ. ಹಂಚುವ ಕಟ್ಟಿನಲ್ಲಿ ತನ್ನ ಹೆಸರಿನ ಲಕೋಟೆ ಕಂಡಾಗ, ಇಪ್ಪತ್ತೆರಡು ವರ್ಷದಲ್ಲಿ ತನಗೆ ಯಾರೂ ಬರೆದದ್ದಿಲ್ಲ, ಯಾರೋ ಕುಚೇಷ್ಟೆ ಮಾಡಿದ್ದಾರೆಂದು ಒಡೆಯದೆ ಕಿಸೆಗೆ ಹಾಕಿಕೊಂಡನಂತೆ. ಆಮೇಲೆ ಮೂಲೆ ಹರಿದ ಕಾರ್ಡು ಕಂಡಿತು. ಊರಿಗೆಲ್ಲ ಹಂಚಿ ಈ ಮನೆಯನ್ನು ಕೊನೆಗೆ ಇಟ್ಟುಕೊಂಡ. ಓಣಿಯ ತುದಿಯ ಬೇವಿನ ಮರದ ತನಕ ಬಂದ ಕಾಲು ಮುಂದೆ ಹೋಗಲಿಲ್ಲ. ಅಲ್ಲಿ ಕೂತು, ಕೈಗೆ ಏನಾದರೂ ಕೆಲಸ ಇರಲೆಂದು ಕಿಸೆಯ ಲಕೋಟೆ ಒಡೆದ. ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದಿ, ಅಂಗಳಕ್ಕೆ ಬಂದು ನಿಂತು ಮೊದಲು ಜೋರಾಗಿ ನಕ್ಕನಂತೆ. ಅವನು ನಕ್ಕದ್ದು ನೋಡಿ ದೇವಕ್ಕನೂ ನಕ್ಕಳು, ಯಾಕೆಂದು ಆಮೇಲೆ ಕೇಳಿದಳು.

ಅಂದು ಸಂಜೆಯ ರೊಟ್ಟಿ ಒಂದೂ ಸೀಳಲಿಲ್ಲ.

ಹೆರಿಗೆಗೆ ಎರಡು ತಿಂಗಳು ಇರುವಾಗಲೇ ಚನ್ನಬಸವ್ವ ಊರು ಮುಟ್ಟಿದಳು. ಡಬ್ಬಿಯಲ್ಲಿ ಕಾಪಿಟ್ಟ ಮೂಲೆಯನ್ನು ಅನ್ನದ ಅಗುಳಿನಿಂದ ಕಾರ್ಡಿಗೆ ಅಂಟಿಸಿ ದೇವರ ಗೂಡಿನಲ್ಲಿಟ್ಟಳು. ಗಂಡುಮಗು ಹುಟ್ಟಿದ ಸುದ್ದಿಯ ಕಾರ್ಡುಗಳಿಗೆ ಅರಿಶಿಣ ಹಚ್ಚಿದವಳೂ ಅವಳೇ. ಒಂದೊಂದನ್ನೂ ಒಣಗುವ ತನಕ ಅಂಗಳದಲ್ಲಿ ಕಾದು ಕೂತಿದ್ದಳು.

ಅಬ್ದುಲಗನಿ ಆ ಪತ್ರವನ್ನು ಟೊಪ್ಪಿಗೆಯೊಳಗೆ ಇಟ್ಟುಕೊಂಡೇ ತಿರುಗುತ್ತಿದ್ದ. ಒಂದು ಬೆಳಿಗ್ಗೆ ಎರಡನೆಯ ಭೋಂಗಾ ಕೂಗಿದ ಮೇಲೆ ಅಂಗಳಕ್ಕೆ ಬಂದು ಕೇಳಿದ, "ಅಕ್ಕಾರ, ನನಗ ಮತ್ತ ಯಾವಾಗ ಬರೀತೀರಿ? ಮನ್ಯಾಗ ಬೀಬಿ ದಿನಾ ಕೇಳತಾಳ."

"ಮುತ್ತವ್ವನೋರು ಮತ್ತ ಹೊಂಟಾಗ," ಎಂದು ಚನ್ನಬಸವ್ವ ಬಾಗಿಲಿಗೆ ಬಂದಳು. "ಆದ್ರ ಗನಿಸಾಹೇಬ್ರ, ಖರೇ ಹೇಳತೇನಿ, ಆ ಹಡಗ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಬರೇ ನೀರು. ಅವತ್ತ ಸಂಜೀಕ ನಾ ಕೈ ಮುಗದು ನಿಂತಾಗ ನೋಡ್ರಿ, ನನಗ ಏನ ಅನಸ್ತಂದ್ರ..."

ಒಳಗೆ ತೊಟ್ಟಿಲು ಕಿರುಗುಟ್ಟಿತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳು ಹೊರಟೇಬಿಟ್ಟಳು. "ಬಂದೆ ನನ್ನಪ್ಪಾ, ಬಂದೆ, ಅಳಬ್ಯಾಡ, ಸಮುದ್ರ ಹ್ಯಾಂಗಿರತೈತಿ ಅಂತ ನಿನಗ ಹೇಳತೇನಿ."