ಮುಂದಿನ ಗಾಲಿಯ ನಟ್ಟು

ಗ್ರೀಸಿಗೆ ಕೈ ಹಾಕುವ ಮೊದಲು ಸೈಕಲ್ ಅಂಗಡಿಯ ನಂಜುಂಡಪ್ಪ ಅಂಗೈಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಂಡರು. ಹಾಗೆ ಮಾಡಿದರೆ ಆಮೇಲೆ ಜಿಡ್ಡು ಸುಲಭವಾಗಿ ತೊಳೆದುಹೋಗುತ್ತದಂತೆ. ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆಯ ವಾಸನೆಯನ್ನು ಯಾರೂ ಗಮನಿಸುವುದಿಲ್ಲ. ಗ್ರೀಸಿನ ಜೊತೆ ಬೆರೆತ ಆ ವಾಸನೆ ಮೂಗಿಗೆ ಬಡಿದಾಗ ಮಾತ್ರ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ಸೈಕಲ್ಲಿನ ಮುಂದಿನ ಗಾಲಿ ಅವರ ತೊಡೆಯ ಮೇಲಿತ್ತು. “ದಿನಾ ಬಿಗೀತೀರಾ ಮೇಡಮ್ಮೋರೇ ಇದನ್ನ? ಆಕ್ಸಲ್ಲಿನ ಥ್ರೆಡ್ಡೆಲ್ಲ ತಿಂದಾಕಿದೀರಲ್ಲ! ಗಾಲಿ ಏನು ನಿಮ್ಮನ್ನ ಬುಟ್ಟು ಓಡೋಯ್ತಿತ್ತಾ?” ಎಂದು ನಕ್ಕರು. ಶಾಲೆಗೆ ಹೊರಡುವ ಮುಂಚೆ ದಿನವೂ ಮೂರು ಸಲ ಸ್ಪ್ಯಾನರ್ ಹಾಕುತ್ತೇನೆ ಎಂದು ನಾನು ಹೇಳಲಿಲ್ಲ. ಈ ನಟ್ಟಿನ ಸಹವಾಸವೇ ಬೇಡ, ಕೈಯಲ್ಲೇ ಬಿಚ್ಚಿ ಮುಚ್ಚುವ ಕ್ವಿಕ್ ರಿಲೀಸ್ ಹಾಕಿಕೊಡಿ ಎಂದೆ.

ಅವರು ಹಳೆಯ ಆಕ್ಸಲ್ ಎಳೆದು, ಬೇರಿಂಗ್ ಗುಂಡುಗಳನ್ನು ತಟ್ಟೆಗೆ ಸುರಿದು ಒರೆಸಿ, ಹೊಸ ಗ್ರೀಸಿನಲ್ಲಿ ಒಂದೊಂದಾಗಿ ಕೂರಿಸಿ, ಟೊಳ್ಳಾದ ಹೊಸ ಆಕ್ಸಲ್ ತೂರಿಸಿದರು. ಅದರೊಳಗೆ ತೆಳ್ಳನೆಯ ಒಂದು ಕಡ್ಡಿ. ಕಡ್ಡಿಯ ಒಂದು ತುದಿಗೆ ಲಿವರು, ಇನ್ನೊಂದಕ್ಕೆ ಸಣ್ಣ ನಟ್ಟು. “ಲಿವರ್ ಮುಚ್ಚುವಾಗ ಅಂಗೈ ಮೇಲೆ ಅಚ್ಚು ಬೀಳ್ಬೇಕು. ಸಲೀಸಾಗಿ ಮುಚ್ಕಂಡ್ರೆ ಬಿಗಿ ಆಗಿಲ್ಲ ಅಂತ. ಆಮೇಲೆ ಕಣ್ಣಿಗೇ ಕಾಣ್ತದೆ, ಮುಚ್ಚೈತೋ ಬಿಚ್ಚೈತೋ.” ನಾನು ಮುಚ್ಚಿ ನೋಡಿದೆ. ಅಂಗೈ ಮೇಲೆ ಕೆಂಪು ಗೆರೆ ಮೂಡಿತು. ಕಣ್ಣಿಗೇ ಕಾಣ್ತದೆ ಎಂಬ ಮಾತನ್ನು ನಾನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ.

ಶೆಟ್ಟಿಕೆರೆಯ ಹತ್ತಿರ ಚಿಕ್ಕಪ್ಪನ ತೋಟದ ಮನೆ ಇತ್ತು. ಮಕ್ಕಳಿಲ್ಲದ ಚಿಕ್ಕಪ್ಪ, ಚಿಕ್ಕಮ್ಮ ನನ್ನನ್ನು ಅಲ್ಲಿಟ್ಟುಕೊಂಡು ಓದಿಸಿದರು. ತಲೆಯ ಮೇಲೆ ಅಟ್ಟದ ತುಂಬ ಕಾಯಿ. ವರ್ಷ ಕಳೆದು ನೀರು ಬತ್ತಿದ ಮೇಲೆ ಚಿಕ್ಕಪ್ಪ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗಿನ ಕೊಬ್ಬರಿ ಲೊಟಲೊಟ ಅಂದರೆ ಕೆಳಗಿಳಿಸುತ್ತಿದ್ದ. ಮಚ್ಚಿನ ನಾಲ್ಕೇ ಏಟಿಗೆ ಚಿಪ್ಪು ಬಿಟ್ಟುಕೊಂಡು ಉಂಡೆ ಕೊಬ್ಬರಿ ಗೀರೂ ಇಲ್ಲದೆ ಅವನ ಕೈಗೆ ಬರುತ್ತಿತ್ತು. ಆ ಕೈ ನೋಡಲು ಬೇರೆ ತೋಟದವರೂ ಬಂದು ನಿಲ್ಲುತ್ತಿದ್ದರು. ನಮ್ಮ ಮನೆಯಲ್ಲಿ ಗ್ರೀಸು ಎಂಬುದೇ ಇರಲಿಲ್ಲ. ಬಾಗಿಲ ಕೀಲಿಗೂ, ಬಾವಿಯ ರಾಟೆಗೂ, ಚಿಕ್ಕಪ್ಪನ ಸೈಕಲ್ಲಿಗೂ ಕೊಬ್ಬರಿ ಎಣ್ಣೆಯೇ.

ನನಗೆ ಹತ್ತು ವರ್ಷವಿದ್ದಾಗ, ಮಾಗಿಯ ಒಂದು ಭಾನುವಾರ ಬೆಳಿಗ್ಗೆ, ಚಿಕ್ಕಪ್ಪ ಮುಂದಿನ ಗಾಲಿಗೆ ಪಂಚರ್ ಹಾಕಿ ಅದನ್ನು ಕೂರಿಸುವ ಕೆಲಸ ನನಗೆ ಬಿಟ್ಟ. “ಮೊದ್ಲು ಕೈಲಿ ತಿರುಗ್ಸು, ಆಮೇಕೆ ಸ್ಪ್ಯಾನರ್ ಹಾಕು ಕಣೇ” ಎಂದು ತೋಟದ ಕಡೆ ಹೋದ. ಚಳಿಗೆ ಸೀಸೆಯಲ್ಲಿ ಎಣ್ಣೆ ತುಪ್ಪದ ಹಾಗೆ ಗಟ್ಟಿಯಾಗಿತ್ತು. ಕಡ್ಡಿಯಲ್ಲಿ ಕೆದಕಿ ಹಚ್ಚಿ ನಟ್ಟು ತಿರುಗಿಸಿದೆ. ನಾಲ್ಕು ಸುತ್ತಿಗೆ ಅದು ಬೆರಳಿಗೆ ಅಲುಗದಷ್ಟು ಬಿರುಸಾಯಿತು. ಅದು ಬಿಗಿಯಲ್ಲ, ಹೆಪ್ಪುಗಟ್ಟಿದ ಎಣ್ಣೆ ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಆಮೇಲೆ ಸ್ಪ್ಯಾನರ್ ಹಾಕಿದೆನೇ? ಅದರ ತಣ್ಣನೆಯ ಹಿಡಿ ಅಂಗೈಯಲ್ಲಿದ್ದದ್ದು ನೆನಪಿದೆ. ಅದು ಒಲೆಯ ಪಕ್ಕ ಬಿದ್ದಿದ್ದದ್ದೂ ನೆನಪಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮಾತ್ರ ಇಲ್ಲ. ಸೈಕಲ್ಲು ಮಧ್ಯಾಹ್ನದ ತನಕ ಅಂಗಳದ ಬಿಸಿಲಲ್ಲಿ ನಿಂತಿತ್ತು. ಎಣ್ಣೆ ಕರಗಿರಬೇಕು. ಊಟ ಮಾಡಿ ಹೊರಟ ಚಿಕ್ಕಪ್ಪ ಕೆರೆ ಏರಿಯ ಇಳಿಜಾರಿನಲ್ಲಿ ಬಿದ್ದ. ಇಬ್ಬರು ಅವನನ್ನು ಹಿಡಿದು ತಂದರು. ಮೂರನೆಯವನ ಕೈಯಲ್ಲಿ ಬರೀ ಗಾಲಿ ಇತ್ತು. “ನಾಯಿ ಅಡ್ಡ ಬಂತು ಕಣ್ಲಾ” ಎಂದು ಚಿಕ್ಕಪ್ಪ ಎಲ್ಲರಿಗೂ ಹೇಳಿದ. ಹೇಳುವಾಗ ನನ್ನ ಕಡೆ ನೋಡಿದನೋ, ಸುಮ್ಮನೆ ಬಾಗಿಲ ಕಡೆ ನೋಡಿದನೋ, ಇವತ್ತಿಗೂ ತಿಳಿಯದು. ಬಲಗೈ ಮೊಣಕೈ ಆಮೇಲೆ ಮಡಚಲೇ ಇಲ್ಲ. ಮಚ್ಚು ಬೇರೆಯವರ ಕೈಗೆ ಹೋಯಿತು, ಕೆಲವು ವರ್ಷಕ್ಕೆ ತೋಟವೂ ಹೋಯಿತು, ಮನೆಯನ್ನು ಕೊಂಡವರು ಕೆಡವಿದರು.

ಚಿಕ್ಕಪ್ಪ ತೀರಿಕೊಂಡು ಎರಡು ವರ್ಷವಾಯಿತು. ಚಿಕ್ಕಮ್ಮ ಈಗ ತುರುವೇಕೆರೆಯಲ್ಲಿ ತಂಗಿಯ ಜೊತೆ ಇದ್ದಾಳೆ. ಹೋದ ಭಾನುವಾರ ಗಾಲಿ ಬಿಚ್ಚಿ ಸೈಕಲ್ಲನ್ನು ಕಾರಿನ ಹಿಂದೆ ಹಾಕಿಕೊಂಡು ಅಲ್ಲಿಗೆ ಹೋದೆ. ಜಗಲಿಯ ಮುಂದೆ ಗಾಲಿ ಜೋಡಿಸುವುದನ್ನು ಚಿಕ್ಕಮ್ಮ ಬಗ್ಗಿ ನೋಡಿದಳು. “ಸ್ಪ್ಯಾನರ್ ಬ್ಯಾಡ್ವಾ ಇದಕ್ಕೆ?” ಎಂದಳು. ಬೇಡ ಎಂದೆ. ಲಿವರನ್ನು ತಾನೇ ಬಿಚ್ಚಿದಳು, ಮುಚ್ಚಿದಳು, ಮತ್ತೆ ಬಿಚ್ಚಿದಳು. ಆಮೇಲೆ ತಲೆಯೆತ್ತದೆ ಹೇಳಿದಳು: “ಅವತ್ತು ಪಂಪ್ ಸ್ಟೌವ್ ಬಿಚ್ಚಕ್ಕೆ ಅಂತ ಸ್ಪ್ಯಾನರ್ ನಿನ್ ಕೈಯಿಂದ ಕಿತ್ಕಂಡು ಹೋದೋಳು ನಾನು. ವಾಪಸ್ ಕೊಡ್ಲಿಲ್ಲ. ಅವ್ರ ಕೈ ಮುರ್ದೋಳು ನಾನು ಕಣೇ.”

“ಇಲ್ಲ ಚಿಕ್ಕಮ್ಮ, ನಾನು” ಎಂದೆ. ಎಣ್ಣೆ, ನಟ್ಟು, ಬಿಸಿಲು ಎಲ್ಲ ಹೇಳಿದೆ. ಅವಳು ಬಾಯಿಗೆ ಸೆರಗು ಹಿಡಿದು ಕೇಳಿದಳು. “ಹುಚ್ಚಮುಂಡೇದೇ, ಹತ್ತು ವರ್ಷದ ಕೂಸು ಕಣೇ ನೀನು! ಒಂದ್ ಮಾತು ಕೇಳ್ಬಾರ್ದಾಗಿತ್ತಾ?”

“ನೀನು ಹೇಳ್ಬಹುದಾಗಿತ್ತಲ್ಲ?”

“ಅವ್ರು ಸಾಯೋಗಂಟ ನನ್ ಹತ್ರ ಮಾತ್ರ, ‘ನಾನೇ ಬಿಗಿ ನೋಡ್ದೇನೆ ಹತ್ತಿದ್ದು, ಬುಡು’ ಅಂತಿದ್ರು. ಅದ್ರ ಮೇಲೆ ಏನಂತ ಹೇಳ್ಳಿ?”

ಹಾಗಾದರೆ ಸ್ಪ್ಯಾನರ್ ಅವಳು ಕಿತ್ತುಕೊಂಡದ್ದು ನಾನು ಬಿಗಿದ ಮೇಲೆಯೋ, ಮೊದಲೋ? ಇಬ್ಬರೂ ಸಂಜೆಯವರೆಗೆ ಕೂತು ಯೋಚಿಸಿದೆವು. ಗೊತ್ತಾಗಲಿಲ್ಲ. ಬಗೆಹರಿಸಬಲ್ಲವರು ಇನ್ನಾರೂ ಉಳಿದಿಲ್ಲ. ಯೋಚಿಸುವಾಗ ನನ್ನ ಕಣ್ಣ ಮುಂದೆ ಬಂದದ್ದು ಚಿಕ್ಕಪ್ಪ ಬಿದ್ದ ಮೇಲಿನ ದಿನಗಳಲ್ಲಿ ಆ ಮನೆಯ ಊಟದ ಹೊತ್ತು ಒಂದೇ. ನಡುಮನೆಯಲ್ಲಿ ನಾವು ಮೂವರೇ. ಬಲಗೈ ಬಾಯಿಗೆ ಎಟುಕದ ಚಿಕ್ಕಪ್ಪ ಗೋಡೆಯ ಕಡೆ ತಿರುಗಿ ಎಡಗೈಯಲ್ಲಿ ಮುದ್ದೆ ಮುರಿಯುತ್ತಿದ್ದ. ಅದನ್ನು ನೋಡಲಾರದೆ ನಾನು ತಟ್ಟೆಯ ಮೇಲೆ ತಲೆ ತಗ್ಗಿಸುತ್ತಿದ್ದೆ. ಎದುರಿಗೆ ಚಿಕ್ಕಮ್ಮನೂ ತಲೆ ತಗ್ಗಿಸಿರುತ್ತಿದ್ದಳು ಎಂಬುದು, ಹಾಗೆ ತಗ್ಗಿಸಿದ್ದರಿಂದಲೇ, ನನಗೆ ಎಂದೂ ಕಾಣಲಿಲ್ಲ.