ಇಳಿಸಿ ನೋಡದೆ ಕೊಂಡ ಕಂಪ್ಯೂಟರು

ಸಿದ್ದಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ ಕೆಲಸ ನನ್ನದು. ಕಳೆದ ತಿಂಗಳು ಅಲ್ಲಿಯ ಗುಜರಿಯನ್ನು ವಿಂಗಡಿಸುತ್ತಿದ್ದೆ. ಒಂಬತ್ತು ಕೀಬೋರ್ಡು, ನಾಲ್ಕು ಮಾನಿಟರು, ಯಾವುದರದ್ದೆಂದು ತಿಳಿಯದ ತಂತಿಗಳ ಒಂದು ಗಂಟು, ಅಂಗೈಯಗಲದ ಒಂದು ಗ್ರಾಫಿಕ್ಸ್ ಕಾರ್ಡು. ಕಾರ್ಡಿನ ಮೇಲಿನ ಪುಟ್ಟ ಫ್ಯಾನು ಧೂಳು ಕಚ್ಚಿ ನಿಂತುಹೋಗಿತ್ತು. ಕೆಲಸ ಮಾಡುತ್ತದೋ ನೋಡೋಣವೆಂದು ಹಳೆಯ ಕಂಪ್ಯೂಟರೊಂದಕ್ಕೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಫ್ಯಾನು ಎರಡು ಸಲ ತಡವರಿಸಿ ತಿರುಗಿತು. ಬಿಸಿಯಾದ ಧೂಳಿನ ವಾಸನೆ ಮೂಗಿಗೆ ಬಂತು... ಯಲ್ಲಾಪುರದ ಆ ನಡುಮನೆ, ಬೆಳಗಿನ ಆರು ಗಂಟೆ, ಚಹಾದ ಲೋಟವನ್ನು ಮಾನಿಟರಿನ ಮೇಲೆ ಇಡಬೇಡಿ ಎಂದು ನಾನು ದಿನವೂ ಹೇಳುತ್ತಿದ್ದದ್ದು, ಡ್ರೈವರ್ ಕಾಕಾ ದಿನವೂ ಅಲ್ಲೇ ಇಡುತ್ತಿದ್ದದ್ದು.

ಯಲ್ಲಾಪುರದಲ್ಲಿ ನಾವು ಬಾಡಿಗೆಗಿದ್ದ ಓಣಿಯಲ್ಲಿ ಮೂರನೆಯ ಮನೆ ಅವರದು. ಮುಂಡಗೋಡದ ಕಡೆಯವರು. ಹದಿನೆಂಟು ವರ್ಷ ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಿ ಬಸ್ಸು ಓಡಿಸಿದವರು. ಎಲ್ಲರಿಗೂ ಅವರು ಡ್ರೈವರ್ ಕಾಕಾ, ಅವರ ಹೆಂಡತಿ ಕಾಕು. ೨೦೦೨ರ ಮಳೆಗಾಲದಲ್ಲಿ ಘಟ್ಟ ಇಳಿಯುವಾಗ ತಿರುವಿನಲ್ಲಿ ಕಾಡುಕೋಣವೊಂದು ಅಡ್ಡ ಬಂತು. ಬಸ್ಸು ಕೋಣನಿಗೆ ತಾಗಲಿಲ್ಲ. ಆದರೆ ಎಡಗಡೆಯ ಮುಂದಿನ ಗಾಲಿ ರಸ್ತೆಯ ಅಂಚು ದಾಟಿ ಗಾಳಿಯಲ್ಲಿ ನಿಂತಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಎಲ್ಲರನ್ನೂ ಹಿಂದಿನ ಬಾಗಿಲಿಂದ ಒಬ್ಬೊಬ್ಬರಾಗಿ ಇಳಿಸುವವರೆಗೆ ಕಾಕಾ ಬ್ರೇಕಿನ ಮೇಲೆ ಕಾಲಿಟ್ಟು ಕೂತೇ ಇದ್ದರಂತೆ. ಅದಾದ ಮೇಲೆ ಅವರಿಗೆ ಇಳಿಜಾರು ಬಂದರೆ ಕೈ ನಡುಗತೊಡಗಿತು. ಏರು ರಸ್ತೆ ಸರಿ, ಸಪಾಟು ರಸ್ತೆ ಸರಿ, ಇಳಿಯುವಾಗ ಮಾತ್ರ ನಡುತಿರುವಿನಲ್ಲಿ ಬ್ರೇಕು ಒತ್ತಿ ನಿಲ್ಲಿಸಿಬಿಡುತ್ತಿದ್ದರು. ಡಿಪೋದವರು ಟೈರಿನ ವಿಭಾಗಕ್ಕೆ ಹಾಕಿದರು. ಮರುವರ್ಷದ ಏಪ್ರಿಲ್ ಕೊನೆಗೆ ಘಟ್ಟದಲ್ಲಿ ಬಸ್ಸು ಇಳಿಸಿ ತೋರಿಸುವ ಪರೀಕ್ಷೆ. ಅದು ಬೇಡವೆಂದರೆ ಅರ್ಜಿ ಬರೆದುಕೊಟ್ಟು ಟೈರಿನ ಹತ್ತಿರವೇ ಉಳಿಯಬಹುದು.

ಆ ಅರ್ಜಿಯನ್ನು ಟೈಪು ಮಾಡಿಸಲೆಂದೇ ಅವರು ಜನವರಿಯಲ್ಲಿ ನಾನು ಕಲಿಸುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಬಂದದ್ದು. ನನಗಾಗ ಇಪ್ಪತ್ತೊಂದು ವರ್ಷ. ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ವಿಮಾನ ಹಾರಿಸುವ ಆಟವನ್ನು ಹಾಕಿಕೊಂಡು ಬಿಡುವಿನಲ್ಲಿ ಆಡುತ್ತಿದ್ದೆ. ಆಟವೆಂದರೂ ಅದರಲ್ಲಿ ಗುಂಡು ಹಾರಿಸುವುದಿಲ್ಲ, ಅಂಕವಿಲ್ಲ. ನಿಜವಾದ ವಿಮಾನದ ಹಾಗೆಯೇ ಏರಿಸಬೇಕು, ನಿಜವಾದ ವಿಮಾನದ ಹಾಗೆಯೇ ಇಳಿಸಬೇಕು. ಆವತ್ತು ನಾನು ಇಳಿಸುತ್ತಿದ್ದೆ. ಕಾಕಾ ಹಿಂದೆ ನಿಂತು ನೋಡುತ್ತಿದ್ದರು. ತಿರುಗಿ ನೋಡಿದರೆ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಹಣೆಯ ಮೇಲೆ ಬೆವರು.

"ತಂಗಿ, ಈ ಅರ್ಜಿ ಈಗ ಬ್ಯಾಡ," ಎಂದರು. "ಇದು ಎಷ್ಟಕ್ಕ ಸಿಗತೈತಿ, ಹೇಳು."

"ಆಟಾನಾ ಕಾಕಾ?"

"ಆಟ ಅಲ್ಲವಾ. ಈ ಇಳಿಯೂದು."

ಕೇಂದ್ರದಲ್ಲಿ ಹುಡುಗರ ಎದುರು ಕೈ ನಡುಗಿಸಿಕೊಂಡು ಕೂರಲು ಅವರು ತಯಾರಿರಲಿಲ್ಲ. ಮನೆಯಲ್ಲೇ ಬೇಕು, ದಿನವೂ ಬೇಕು. ಮನೆಗೆ ಬಣ್ಣ ಹೊಡೆಸಲು ಇಟ್ಟಿದ್ದ ಇಪ್ಪತ್ತೈದು ಸಾವಿರ ಇತ್ತು. ಕಾಕು ಒಂದೇ ಮಾತು ಹೇಳಿದರು: "ಗ್ವಾಡಿ ಎಲ್ಲಿಗೂ ಹೋಗೂದಿಲ್ಲ. ಮೊದಲ ಇವರ ಕೈ ನೆಟ್ಟಗಾಗಲಿ." ನನ್ನ ಅಮ್ಮ, ಆಯಿ, ಮಾತ್ರ ನಕ್ಕಳು. "ಎಂತ ಕೂಸೆ, ಆಟ ಆಡಿರೆ ಬಸ್ಸು ಬಿಡಲೆ ಬತ್ತನೇ?"

"ಗೊತ್ತಿಲ್ಲೆ ಆಯಿ. ಬರೆದು ಇಟ್ಕಂಡು ನೋಡ್ತೆ," ಎಂದೆ.

ಬರೆದಿಡುವುದು ನನ್ನ ಚಾಳಿ. ಹೈಸ್ಕೂಲಿನಿಂದಲೂ ಡೈರಿಯಲ್ಲಿ ಗೆರೆ ಹಾಕಿ, ಕಾಲಂ ಮಾಡಿ, ದಿನಾಂಕ ಹಾಕಿ ಬರೆಯುತ್ತಿದ್ದೆ. ಕಂಪ್ಯೂಟರಿಗೂ ಒಂದು ಪುಟ ಮಾಡಿದೆ. ಈ ಆಟದಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಪರದೆಯ ಮೂಲೆಯಲ್ಲಿ ಒಂದು ಅಂಕಿ ಬರುತ್ತದೆ. ಒಂದು ಸೆಕೆಂಡಿಗೆ ಯಂತ್ರ ಎಷ್ಟು ಚಿತ್ರ ಬಿಡಿಸುತ್ತಿದೆ ಎಂಬುದರ ಲೆಕ್ಕ ಅದು. ಇಪ್ಪತ್ತರ ಮೇಲಿದ್ದರೆ ವಿಮಾನ ನುಣ್ಣಗೆ ಸಾಗುತ್ತದೆ, ಹತ್ತಕ್ಕಿಂತ ಕೆಳಗಿಳಿದರೆ ಎಗರಿ ಎಗರಿ ಹೋಗುತ್ತದೆ. ಆ ಅಂಕಿಯನ್ನು ನೋಡಿಯೇ ಕೊಳ್ಳುವುದೆಂದು ನಿಶ್ಚಯ ಮಾಡಿದೆವು.

ಜನವರಿ ೨೧, ಮಂಗಳವಾರ, ಇಬ್ಬರೂ ಶಿರಸಿಗೆ ಹೋದೆವು. ಬಸ್ಸಿನಲ್ಲಿ ಕಾಕಾ ಕೊನೆಯ ಸೀಟಿನಲ್ಲಿ ಕೂತರು. ಬೇಡ್ತಿ ಸೇತುವೆಗೆ ಇಳಿಯುವ ರಸ್ತೆ ಬಂದಾಗ ತಿರುಗಿ ಹಿಂದಿನ ಗಾಜಿನಾಚೆ ನೋಡತೊಡಗಿದರು. ನಾನು ಕಿಟಕಿಯ ಹೊರಗೆ ನೋಡುವವಳಂತೆ ಕೂತಿದ್ದೆ.

ಶಿರಸಿಯಲ್ಲಿ ಬಿಡಿಭಾಗ ಜೋಡಿಸಿ ಕೊಡುವ ಮೂರು ಅಂಗಡಿ ನೋಡಿದೆವು. ಮೂರನೆಯ ಅಂಗಡಿಯಲ್ಲಿ ನಮ್ಮ ದುಡ್ಡಿಗೆ ಚಂದದ ಯಂತ್ರವಿತ್ತು. ಹದಿನೇಳು ಇಂಚಿನ ಮಾನಿಟರು, ದೊಡ್ಡ ಹಾರ್ಡ್ ಡಿಸ್ಕು, ಎರಡು ಸ್ಪೀಕರು. ನಮ್ಮ ಸಿ.ಡಿ. ಹಾಕಿ, ವಿಮಾನ ತಿರುಗಿಸುವ ಹಿಡಿಕೆಯಾದ ಜಾಯ್‌ಸ್ಟಿಕ್ ಜೋಡಿಸಿ ಕೂತೆವು. ಕಾಕಾ ವಿಮಾನವನ್ನು ಓಡಿಸಿ ಮೇಲಕ್ಕೇರಿಸಿದರು. ಇಪ್ಪತ್ನಾಲ್ಕು, ಇಪ್ಪತ್ತಾರು, ಇಪ್ಪತ್ತೆಂಟು... ನಾನು ಬರೆದುಕೊಂಡೆ.

ಅಂಗಡಿಯವರು, "ಮದಿಗೆ ಹೆಣ್ಣು ನೋಡಿದಾಂಗೆ ನೋಡ್ತ್ರಲ ಮಾರಾಯ್ರೆ! ಇಳ್ಸಿ ಒಂದ್ಸಲ ನೋಡಿ ಹಂಗಾರೆ," ಎಂದರು.

ಕಾಕಾ ಜಾಯ್‌ಸ್ಟಿಕ್ಕಿನಿಂದ ಕೈ ತೆಗೆದರು. "ಸಾಕ್ರಿ. ಗಾಡಿ ಹ್ಯಾಂಗ ಐತಿ ಅಂತ ಏರಿನ್ಯಾಗ ಗೊತ್ತಾಗತೈತಿ."

ಘಟ್ಟದ ಡ್ರೈವರುಗಳೆಲ್ಲ ಹಾಗೆಯೇ ಹೇಳುವುದು. ಹೊಸ ಬಸ್ಸು ಡಿಪೋಗೆ ಬಂದರೆ ಮೊದಲು ಏರಿಗೆ ಹಚ್ಚಿ ನೋಡುತ್ತಾರೆ. ಎಳೆದರೆ ಒಳ್ಳೆಯ ಗಾಡಿ, ಏದುಸಿರು ಬಿಟ್ಟರೆ ಕೆಟ್ಟ ಗಾಡಿ. ಅದರ ಮುಂದೆ ಮಾತಿಲ್ಲ. ನನಗೂ ಅದು ಸರಿಯೆನಿಸಿತು. ನನ್ನ ಪುಟದಲ್ಲಿ ಏರುವುದಕ್ಕೆ ಮೂರು ಕಾಲಂ ಇತ್ತು, ಇಳಿಯುವುದಕ್ಕೆ ಒಂದೂ ಇರಲಿಲ್ಲ. ಅವರು ಯಾಕೆ ಇಳಿಸಲಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳದೆ ಯಂತ್ರವನ್ನು ಕಟ್ಟಿಸಿದೆ.

ಮನೆಗೆ ತಂದ ಮೇಲೆ ಆರು ದಿನ ಕಾಕಾ ಬರೀ ಏರಿಸಿದರು, ಮೋಡದ ಮೇಲೆ ಸುತ್ತಿಸಿದರು. ಏಳನೆಯ ದಿನ, "ಇವತ್ತು ಇಳಿಸೂಣು," ಎಂದರು. ನಾನು ಪಕ್ಕದಲ್ಲಿ ಕೂತೆ. ದೂರದಲ್ಲಿ ರನ್‌ವೇ ಗೆರೆಯಂತೆ ಕಂಡಿತು. ಹತ್ತಿರವಾದಂತೆ ಕಟ್ಟಡಗಳು, ಮರಗಳು, ದೀಪಗಳು ಒಂದೊಂದಾಗಿ ಮೂಡಿದವು. ಮೂಲೆಯ ಅಂಕಿ ಹದಿನೆಂಟಾಯಿತು, ಹನ್ನೊಂದಾಯಿತು, ಆರಾಯಿತು. ಚಿತ್ರ ಒಂದು ಕ್ಷಣ ಗಕ್ಕನೆ ನಿಂತಿತು. ಮತ್ತೆ ಹೊರಳಿದಾಗ ಪರದೆಯ ತುಂಬ ನೆಲವಿತ್ತು.

ಕಾಕಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಸ್ವಿಚ್ ಆರಿಸಿದರು. ಆಮೇಲೆ ನಿಧಾನವಾಗಿ, "ಆ ಕ್ವಾಣ ಬಂದಂಗ ಬಂತವಾ ನೆಲ," ಎಂದರು.

ನಾಲ್ಕು ದಿನ ಅವರು ಯಂತ್ರವನ್ನು ಮುಟ್ಟಲಿಲ್ಲ. ಐದನೆಯ ದಿನ ನನ್ನನ್ನು ಕರೆದು, ಅರ್ಜಿ ಟೈಪು ಮಾಡಿಬಿಡು ಎಂದರು. ನಾನು ಟೈಪು ಮಾಡಲಿಲ್ಲ. ಅವರಿಲ್ಲದ ಹೊತ್ತಿನಲ್ಲಿ ಅವರ ಮನೆಯಲ್ಲಿ ಕೂತು ಹನ್ನೆರಡು ಸಲ ವಿಮಾನ ಇಳಿಸಿ, ಪ್ರತಿ ಸಲದ ಅಂಕಿ ಬರೆದೆ. ಆಕಾಶದಲ್ಲಿ ಎಷ್ಟೇ ಇರಲಿ, ನೆಲದ ಹತ್ತಿರ ಹನ್ನೆರಡೂ ಸಲ ಹತ್ತರ ಕೆಳಗೆ. ಮೇಲೆ ಬರೀ ಮೋಡ, ಬಿಡಿಸಲು ಏನೂ ಇಲ್ಲ. ಕೆಳಗೆ ಊರೇ ಇದೆ. ಅಷ್ಟನ್ನು ಬಿಡಿಸುವ ಶಕ್ತಿ ಈ ಯಂತ್ರಕ್ಕಿರಲಿಲ್ಲ. ಇದರ ಮದರ್‌ಬೋರ್ಡಿನಲ್ಲೇ ಚಿತ್ರ ಬಿಡಿಸುವ ಚಿಪ್ ಸೇರಿತ್ತು, ಬೇರೆ ಗ್ರಾಫಿಕ್ಸ್ ಕಾರ್ಡು ಸಿಕ್ಕಿಸುವ ಜಾಗವೇ ಇರಲಿಲ್ಲ. ಅವರಿಗೆ ಬೇಕಾದದ್ದು ಇಳಿಯುವುದು. ನಾವು ತಂದದ್ದು ಇಳಿಯಲಾರದ ಯಂತ್ರ.

ಪುಟವನ್ನು ಅವರ ಮುಂದಿಟ್ಟೆ. "ಕಾಕಾ, ಆವತ್ತು ನಿಂತದ್ದು ನಿಮ್ಮ ಕೈ ಅಲ್ಲ. ಚಿತ್ರ."

ಅವರು ಆ ಹನ್ನೆರಡು ಅಂಕಿಗಳ ಮೇಲೆ ಬೆರಳಾಡಿಸಿದರು. "ಅಂಗಡ್ಯಾಗ ಇಳಿಸಿದ್ದರ ಅವತ್ತ ಗೊತ್ತಾಕ್ಕಿತ್ತು."

"ಹೌದು."

"ನಾ ಹೆದರಿದೆ."

"ನಾನೂ ಕೇಳಲಿಲ್ಲ."

ಫೆಬ್ರವರಿ ೪, ಮತ್ತೆ ಮಂಗಳವಾರ. ಸಂತೆಗೆ ಬಂದವರಿಂದ ಅಂಗಡಿ ತುಂಬಿತ್ತು. ಅಂಗಡಿಯವರು ಒಳ್ಳೆಯವರೇ, ಬೋರ್ಡು ಬದಲಿಸಿಕೊಡಲು ಒಪ್ಪಿದರು. ಆದರೆ ಕಾರ್ಡಿಗೆ ಕೊಡಲು ನಮ್ಮಲ್ಲಿ ಬೇರೆ ದುಡ್ಡಿರಲಿಲ್ಲ, ಏನನ್ನಾದರೂ ಬಿಡಬೇಕಿತ್ತು. ಹದಿನೇಳು ಇಂಚಿನ ಮಾನಿಟರು ಬಿಟ್ಟು ಹದಿನೈದರದ್ದು ತೆಗೆದುಕೊಂಡೆವು. ಹಾರ್ಡ್ ಡಿಸ್ಕು ಅರ್ಧಕ್ಕಿಳಿಸಿದೆವು, ಉಳಿದದ್ದರಲ್ಲಿ ಮೆಮೊರಿ ಎರಡು ಪಟ್ಟು ಮಾಡಿದೆವು. ಸ್ಪೀಕರು ಬಿಡೋಣವೆಂದರೆ ಕಾಕಾ ಒಪ್ಪಲಿಲ್ಲ. "ಇಂಜಿನ್ ಸಪ್ಪಳ ಕೇಳದ ಡ್ರೈವರ್ ಕುರುಡ ಇದ್ದಂಗ." ಅದನ್ನು ಉಳಿಸಿಕೊಳ್ಳಲು ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದೆವು. ಈ ಆಟಕ್ಕೆ ಅದಕ್ಕಿಂತ ಕಾರ್ಡು ಮುಖ್ಯವೆಂಬುದು ಅಷ್ಟರಲ್ಲಿ ನಮಗೆ ತಿಳಿದಿತ್ತು.

ಎಲ್ಲ ಜೋಡಿಸಿಯಾದ ಮೇಲೆ ಕಾಕಾ ತಾವಾಗಿಯೇ ಕುರ್ಚಿ ಎಳೆದುಕೊಂಡರು. ಹಿಂದೆ ಏಳೆಂಟು ಜನ ನಿಂತಿದ್ದರು. ಜಾಯ್‌ಸ್ಟಿಕ್ಕಿನ ಮೇಲೆ ಅವರ ಕೈ ನಡುಗುವುದು ಎಲ್ಲರಿಗೂ ಕಾಣುತ್ತಿತ್ತು. ಒಬ್ಬರು ಏನೋ ಅಂದು ನಕ್ಕರು. ಕಾಕಾ ತಿರುಗಿ ನೋಡಲಿಲ್ಲ. ರನ್‌ವೇ ಬಂತು, ಕಟ್ಟಡಗಳು ಬಂದವು, ಮರಗಳು ಬಂದವು. ಇಪ್ಪತ್ತೆರಡು, ಇಪ್ಪತ್ತು, ಹತ್ತೊಂಬತ್ತು. ವಿಮಾನ ನೆಲಕ್ಕೆ ಕುಪ್ಪಳಿಸಿ ಬಿದ್ದು, ಅಡ್ಡಡ್ಡ ಓಡಿ ಹುಲ್ಲಿಗೆ ನುಗ್ಗಿ ನಿಂತಿತು.

"ಓಹೋ, ವಿಮಾನ ಗದ್ದೆಗೆ ಹೋತು!" ಎಂದರು ಅಂಗಡಿಯವರು.

"ಗದ್ದಿಗೆ ಹೋಗಲಿ ಬಿಡ್ರಿ," ಎಂದು ಕಾಕಾ ಬೆವರು ಒರೆಸಿಕೊಂಡರು. "ಚಿತ್ರ ನಿಲ್ಲಲಿಲ್ಲ ನೋಡ್ರಿ. ಇದನ್ನ ಕಟ್ಟ್ರಿ."

ಮರುದಿನದಿಂದ ಬೆಳಗ್ಗೆ ಆರರಿಂದ ಏಳು. ಆಮೇಲೆ ಅವರು ಟೈರಿಗೆ, ನಾನು ಪಾಠಕ್ಕೆ. ಡೈರಿಯಲ್ಲಿ ಹೊಸ ಕಾಲಂ: ದಿನಾಂಕ, ಎಷ್ಟನೆಯ ಇಳಿತ, ಕೈ ನಡುಗಿತೋ ಇಲ್ಲವೋ. ಮೊದಲ ನಲವತ್ತು ಇಳಿತಗಳಲ್ಲಿ ಮೂವತ್ತೇಳು ಸಲ ನಡುಗಿತ್ತು. ಸುಳ್ಳು ಬರೆಯಕೂಡದೆಂದು ಕಾಕಾ ತಾಕೀತು ಮಾಡಿದ್ದರು. ಒಂದು ದಿನ ನಾನು ಕನಿಕರದಿಂದ 'ಇಲ್ಲ' ಎಂದು ಬರೆದದ್ದನ್ನು ಅವರೇ ಪೆನ್ನು ಕಸಿದುಕೊಂಡು ತಿದ್ದಿದರು.

ಮಾರ್ಚ್ ನಡುವಿನಲ್ಲಿ ಒಂದು ಬೆಳಗ್ಗೆ ವಿಮಾನವನ್ನು ನುಣ್ಣಗೆ ಇಳಿಸಿದರು. ಆಮೇಲೆ ಹೇಳಿದರು: "ನಾ ಇಷ್ಟ ದಿನ ಮೂಗಿನ ಮುಂದಿನ ನೆಲ ನೋಡತಿದ್ದೆ ತಂಗಿ. ಅದನ್ನ ನೋಡಿದರ ನೆಲ ಮ್ಯಾಲ ಬೀಳತೈತಿ. ಆ ದಾರಿ ಮುಗಿಯೂ ತುದಿ ಐತಲ್ಲ, ಅದನ್ನ ನೋಡಿದರ ತಾನ ಇಳೀತೈತಿ. ಘಟ್ಟದಾಗೂ ನಾ ಇದನ್ನ ಮರೆತಿದ್ದೆ. ಕ್ವಾಣ ಬಂದಾಗಿಂದ ಬಾನೆಟ್ಟಿನ ಮುಂದಿಂದಷ್ಟ ನೋಡಾಕ ಹತ್ತಿದ್ದೆ."

ಆ ದಿನದ ನಂತರ ಅಂಕಿಗಳು ಬದಲಾದವು. ಪರೀಕ್ಷೆಯ ಹಿಂದಿನ ದಿನಕ್ಕೆ ಒಟ್ಟು ಇನ್ನೂರ ಮೂವತ್ತೊಂದು ಇಳಿತ. ಕೊನೆಯ ನಲವತ್ತರಲ್ಲಿ ಕೈ ನಡುಗಿದ್ದು ಮೂರು ಸಲ. ಅದನ್ನೂ ಸೊನ್ನೆ ಮಾಡೋಣ ಎಂದೆ. "ಬ್ಯಾಡ, ಮೂರು ಇರಲಿ," ಎಂದರು. "ಸೊನ್ನಿ ಬಂದರ ನಾ ಮೈಮರಿತೀನಿ."

ಏಪ್ರಿಲ್ ೨೪, ಗುರುವಾರ. ಮಧ್ಯಾಹ್ನ ಕಾಕಾ ಓಣಿಯೊಳಗೆ ನಡೆದು ಬರುವುದು ಕಂಡಿತು. ಅಂಗಿ ಬೆನ್ನಿಗಂಟಿತ್ತು. ಕಾಕು ಬಾಗಿಲಲ್ಲಿ ನಿಂತಿದ್ದರು, ನಾನು ನಮ್ಮ ಮೆಟ್ಟಿಲ ಮೇಲೆ. ಅವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಳಗೆ ಹೋಗುವಾಗ ಒಂದೇ ಶಬ್ದ ಹೇಳಿದರು.

"ಇಳಿಸಿದೆ."

ಮೇ ಮೊದಲ ವಾರ ಅಂಕೋಲೆಗೆ ಅವರ ಮೊದಲ ಟ್ರಿಪ್ಪು. ಕಾಕು ಮತ್ತು ನಾನು ಮುಂದಿನ ಸೀಟಿನಲ್ಲಿ ಕೂತೆವು. ಕೋಣ ಅಡ್ಡ ಬಂದಿದ್ದ ತಿರುವು ಸಮೀಪಿಸಿದಾಗ ಕಾಕು ನನ್ನ ಮೊಣಕೈ ಹಿಡಿದುಕೊಂಡರು. ಕಾಕಾನ ಎಡಗೈ ಒಮ್ಮೆ ಅದುರಿತು. ಅವರು ಗಿಯರು ಇಳಿಸಿ, ತಲೆಯೆತ್ತಿ, ತಿರುವಿನಾಚೆ ರಸ್ತೆ ಮರೆಯಾಗುವಲ್ಲಿಗೆ ಕಣ್ಣು ನೆಟ್ಟರು. ಬಸ್ಸು ನಿಲ್ಲದೆ ತಿರುಗಿತು. ಹಿಂದೆ ಯಾರೋ ಟಿಕೆಟ್ಟಿನ ಚಿಲ್ಲರೆಗಾಗಿ ಜಗಳವಾಡುತ್ತಿದ್ದರು. ಬೇರೆ ಯಾರಿಗೂ ಏನೂ ಗೊತ್ತಾಗಲಿಲ್ಲ.

ಅವರು ಆಮೇಲೆ ನಾಲ್ಕು ವರ್ಷ ಓಡಿಸಿದರು. ಐದನೆಯ ವರ್ಷ ಕಾಮಾಲೆಯಾಯಿತು, ಹುಬ್ಬಳ್ಳಿಯ ಆಸ್ಪತ್ರೆಯಿಂದ ಮರಳಲಿಲ್ಲ. ನಾನಾಗ ಸಿದ್ದಾಪುರಕ್ಕೆ ಬಂದಾಗಿತ್ತು. ಸುದ್ದಿ ನನಗೆ ಮುಟ್ಟಿದ್ದು ಹನ್ನೊಂದು ದಿನಗಳ ಮೇಲೆ. ಓಡಿ ಹೋದೆ. ಕಾಕು ಅತ್ತು ಮುಗಿಸಿದ್ದರು, ನನಗೆ ಚಹಾ ಕೊಟ್ಟರು... ಏನು ಮಾತಾಡಿದೆವೋ ಈಗ ಸರಿಯಾಗಿ ನೆನಪಾಗುವುದಿಲ್ಲ.

ಈಗ ವರ್ಷಕ್ಕೆ ಎರಡು ಮೂರು ಸಲ ಕೆಲಸದ ಮೇಲೆ ಅಂಕೋಲೆಯ ಕಡೆ ಹೋಗುತ್ತೇನೆ. ಘಟ್ಟ ಇಳಿಯುವ ಬಸ್ಸಿನಲ್ಲಿ ಮುಂದಿನ ಸೀಟೇ ಕೇಳುತ್ತೇನೆ. ಸಿಗದಿದ್ದರೆ ನಿಂತೇ ಹೋಗುತ್ತೇನೆ. ಸ್ಟೇರಿಂಗಿನ ಮೇಲೆ ಈಗ ಬೇರೆಯವರ ಕೈಗಳು. ಎಳೆಯ ಡ್ರೈವರುಗಳು, ನಗುತ್ತ ಮಾತಾಡುತ್ತ ಆ ತಿರುವನ್ನು ದಾಟಿಬಿಡುತ್ತಾರೆ. ಅಲ್ಲಿ ನಾನು ಅವರ ಮುಖ ನೋಡುತ್ತೇನೆ. ಅವರಿಗೆ ಏನೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಬಸ್ಸು ಇಳಿಯುತ್ತಿರುತ್ತದೆ.